ವ್ಯಾನಿನಲ್ಲಿ ಹನ್ನೊಂದು ವಾರ: ಮನೆ ಕಳೆದುಕೊಂಡ ಒಂದು ಕುಟುಂಬದ ಪ್ರಕರಣ

ಇಲ್ಲಿ ಬರುವ ಹೆಸರುಗಳು ನಿಜವಾದವಲ್ಲ. ಬಡಾವಣೆ, ಶಾಲೆ, ಕಾರ್ಖಾನೆ, ಪೆಟ್ರೋಲ್ ಬಂಕ್ ಯಾವುದರ ಗುರುತೂ ಸಿಗದ ಹಾಗೆ ಬರೆದಿದ್ದೇನೆ. ಬರೆದದ್ದನ್ನು ಆ ಕುಟುಂಬಕ್ಕೆ ಓದಿ ಹೇಳಿದ್ದೇನೆ. ಎರಡು ಕಡೆ ಲಕ್ಷ್ಮಕ್ಕ "ಇದು ಬೇಡ ಅಕ್ಕ" ಅಂದರು. ಆ ಭಾಗ ಇಲ್ಲಿಲ್ಲ.

ನಮ್ಮದು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವ ಏಳೆಂಟು ಜನರ ಗುಂಪು. ಇ.ಎಸ್.ಐ. ಕಾರ್ಡು, ಪಿ.ಎಫ್., ರೇಷನ್ ಕಾರ್ಡು, ಇಂಥ ಓಡಾಟವೇ ಹೆಚ್ಚು. ಗಾಡಿಯಲ್ಲಿ ಸಂಸಾರ ಮಾಡುವವರಿಗೆ ಸಹಾಯ ಮಾಡಿ ನಮಗೆ ಅಭ್ಯಾಸವಿರಲಿಲ್ಲ. ಅದಕ್ಕೇ ಕೆಲವು ಕಡೆ ತಪ್ಪಿದೆವು. ಆ ತಪ್ಪುಗಳನ್ನು ಮುಚ್ಚಿಟ್ಟರೆ ಇದನ್ನು ಬರೆದು ಉಪಯೋಗವಿಲ್ಲ.

ಮನೆ ಹೋದದ್ದು

ಮಂಜಣ್ಣನಿಗೆ ನಲವತ್ತರ ಹತ್ತಿರ. ಬಯಲುಸೀಮೆಯ ಒಂದು ತಾಲ್ಲೂಕಿನವರು. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿದ್ದಾರೆ. ಸ್ವಂತ ಸ್ಕೂಲ್ ವ್ಯಾನ್ ಇದೆ, ಅದರ ಮೇಲೆ ಸಾಲವೂ ಇದೆ. ತಿಂಗಳಿಗೆ 8,900 ರೂಪಾಯಿ ಕಂತು. ಲಕ್ಷ್ಮಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಬ್ಬಳೇ ಮಗಳು, ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಅವಳನ್ನು ಇಲ್ಲಿ ಪುಟ್ಟಿ ಅನ್ನುತ್ತೇನೆ.

ಕುಡಿತವಿಲ್ಲ, ಜೂಜಿಲ್ಲ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಮನೆ ಕಳೆದುಕೊಂಡವರು ಅಂದ ತಕ್ಷಣ ಜನ ಮೊದಲು ಕೇಳುವುದು ಅದನ್ನೇ.

ಆದದ್ದು ಇಷ್ಟೇ. ಮಂಜಣ್ಣನಿಗೆ ಕಾಮಾಲೆ ಆಯಿತು. ಎರಡು ತಿಂಗಳು ಗಾಡಿ ಓಡಿಸಲಿಲ್ಲ. ಬಾಡಿಗೆ ಮೂರು ತಿಂಗಳು ನಿಂತಿತು. ಅದೇ ಹೊತ್ತಿಗೆ ಮನೆ ಮಾಲೀಕರು ಹಳೆ ಕಟ್ಟಡ ಒಡೆದು ಹೊಸದು ಕಟ್ಟುತ್ತೇವೆ, ಖಾಲಿ ಮಾಡಿ ಅಂದರು. ಕೊಟ್ಟಿದ್ದ ಅಡ್ವಾನ್ಸು 60,000. ಬಾಕಿ ಬಾಡಿಗೆ 22,500 ಹಿಡಿದರು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ 7,500 ಹಿಡಿದರು. ಒಡೆಯುವ ಮನೆಗೆ ಯಾಕೆ ಪೇಂಟಿಂಗ್ ಅಂತ ಲಕ್ಷ್ಮಕ್ಕ ಕೇಳಿದರಂತೆ. ಉತ್ತರ ಬರಲಿಲ್ಲ. ಉಳಿದ 30,000ದಲ್ಲಿ ಕೈಗೆ ಬಂದದ್ದು 10,000. ಮಿಕ್ಕಿದ್ದು ಮುಂದಿನ ತಿಂಗಳು ಅಂದರು. ಆ ಹತ್ತು ಸಾವಿರ ಗಾಡಿಯ ಕಂತಿಗೆ ಹೋಯಿತು.

ಹೊಸ ಮನೆ ಹುಡುಕಿದರೆ ಒಂದು ರೂಮು ಅಡುಗೆಮನೆಗೂ 70 ಸಾವಿರಕ್ಕೆ ಕಮ್ಮಿ ಅಡ್ವಾನ್ಸ್ ಇಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಪದ್ಧತಿ ಬೆಂಗಳೂರಿಗೆ ಹಳೆಯದು. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಅಂತಿದೆ. ಅದು ಮಾದರಿ ಅಷ್ಟೇ, ರಾಜ್ಯಗಳು ತಾವಾಗಿ ತಂದುಕೊಳ್ಳಬೇಕು. ತಿಂಗಳ ಬಾಡಿಗೆ ಕಟ್ಟುವ ಶಕ್ತಿ ಈ ಕುಟುಂಬಕ್ಕೆ ಇತ್ತು. ಇಲ್ಲದಿದ್ದದ್ದು ಒಂದೇ ಸಲಕ್ಕೆ ಕೊಡುವ ದುಡ್ಡು.

ಫೆಬ್ರವರಿ ಕೊನೆಯ ವಾರ ಟ್ರಂಕು, ಗ್ಯಾಸ್ ಸ್ಟೌ, ಪಾತ್ರೆ ಎಲ್ಲ ಒಬ್ಬ ನೆಂಟರ ಮಹಡಿ ಮೆಟ್ಟಿಲ ಕೆಳಗೆ ಇಟ್ಟರು. ಒಂದು ವಾರದ ಮಟ್ಟಿಗೆ ಅಂದುಕೊಂಡು ವ್ಯಾನಿನಲ್ಲಿ ಮಲಗಿದರು.

ಗಾಡಿಯೊಳಗಿನ ಮೊದಲ ವಾರಗಳು

ವ್ಯಾನ್ ಎಂಥದ್ದು ಅನ್ನುವುದು ಮುಂದಕ್ಕೆ ಮುಖ್ಯವಾಗುತ್ತದೆ. ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವ ಗಾಡಿ ಅದು. ಸೈಲೆನ್ಸರ್ ಪೈಪು ಅಲ್ಲಿಂದ ನೆಲದ ಅಡಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಮಗಳು ಹಿಂದಿನ ಸೀಟಿನಲ್ಲಿ, ಲಕ್ಷ್ಮಕ್ಕ ಮಧ್ಯದಲ್ಲಿ ಕಾಲು ಮಡಚಿಕೊಂಡು, ಮಂಜಣ್ಣ ಡ್ರೈವರ್ ಸೀಟಿನಲ್ಲಿ ಕೂತೇ ನಿದ್ದೆ.

ಮೊದಲ ನಾಲ್ಕು ರಾತ್ರಿ ಹಳೆ ಬೀದಿಯಲ್ಲೇ ನಿಲ್ಲಿಸಿದರು. ಪರಿಚಯದ ಜಾಗ, ಭಯವಿಲ್ಲ ಅಂತ. ಐದನೇ ರಾತ್ರಿ ಒಂದು ಗಂಟೆಗೆ ಬೀಟಿನ ಪೇದೆ ಬಂದು ಗಾಜಿಗೆ ಲಾಠಿಯಿಂದ ಬಡಿದರು. ಅಕ್ಕಪಕ್ಕದ ಯಾರೋ ಫೋನ್ ಮಾಡಿದ್ದರು. ಪುಟ್ಟಿ ಹೆದರಿ ಕಿರುಚಿದಳು. ಅಲ್ಲಿಂದ ಅವರು ರಿಂಗ್ ರಸ್ತೆಯ ಸರ್ವಿಸ್ ರೋಡಿಗೆ ಹೋದರು. ಅಲ್ಲಿ ಯಾರೂ ಕೇಳುವುದಿಲ್ಲ. ಯಾರೂ ನೋಡುವುದೂ ಇಲ್ಲ. ಒಂದು ರಾತ್ರಿ ಇಬ್ಬರು ಬಂದು ಸ್ಲೈಡಿಂಗ್ ಬಾಗಿಲು ಎಳೆದು ನೋಡಿದರು. ಲಾಕ್ ಆಗಿತ್ತು. ಮಂಜಣ್ಣ ಹಾರ್ನ್ ಒತ್ತಿ ಹಿಡಿದಾಗ ಓಡಿದರು. ಇನ್ನೊಂದು ರಾತ್ರಿ ಲಾರಿಯೊಂದು ವ್ಯಾನಿನ ಪಕ್ಕದ ಕನ್ನಡಿ ಸವರಿಕೊಂಡು ಹೋಯಿತು.

ಇದರ ಮೇಲೆ ಇನ್ನೊಂದು ಹೆದರಿಕೆ. ಬೆಳಿಗ್ಗೆ ಏಳಕ್ಕೆ ಅದೇ ವ್ಯಾನಿನಲ್ಲಿ ಶಾಲೆ ಮಕ್ಕಳು ಹತ್ತಬೇಕು. ಎರಡು ಟ್ರಿಪ್ಪಿಗೆ ಹದಿನಾರು ಮಕ್ಕಳು. ಗಾಡಿಯಲ್ಲಿ ಸಂಸಾರ ಇದೆ ಅಂತ ಒಬ್ಬ ತಾಯಿಗೆ ಗೊತ್ತಾದರೆ ಸಾಕು, ಮಾರನೇ ದಿನ ಅರ್ಧ ಮಕ್ಕಳು ಇರುವುದಿಲ್ಲ. ಲಕ್ಷ್ಮಕ್ಕ ದಿನಾ ಐದಕ್ಕೆ ಎದ್ದು ಸೀಟು ಒರೆಸುತ್ತಿದ್ದರು. ಹೊದಿಕೆಗಳನ್ನು ಅಕ್ಕಿ ಚೀಲದಲ್ಲಿ ಕಟ್ಟಿ ಹಿಂದೆ ತಳ್ಳುತ್ತಿದ್ದರು. ಸೊಳ್ಳೆ ಬತ್ತಿಯ ವಾಸನೆ ಹೋಗಲಿ ಅಂತ ಊದುಬತ್ತಿ ಹಚ್ಚುತ್ತಿದ್ದರು.

ಹೌದು, ಬಾಗಿಲು ಹಾಕಿದ ಗಾಡಿಯೊಳಗೆ ಮೂರು ವಾರ ಸೊಳ್ಳೆ ಬತ್ತಿ ಉರಿದಿತ್ತು. ನಮಗೆ ಅದು ತಿಳಿದದ್ದು ತಡವಾಗಿ.

ಲಕ್ಷ್ಮಕ್ಕ ನಮ್ಮ ಹತ್ತಿರ ಬಂದದ್ದು ಮಾರ್ಚ್ ಮಧ್ಯದಲ್ಲಿ. ಮನೆ ಇಲ್ಲ ಅಂತ ಬರಲಿಲ್ಲ. ಮಷಿನ್ ಮುಂದೆ ತೂಕಡಿಸಿದ್ದಕ್ಕೆ ಸೂಪರ್‌ವೈಸರ್ ಬೈದಿದ್ದರು, ಜೊತೆಗೆ ಉರಿಮೂತ್ರ ಶುರುವಾಗಿತ್ತು. ಜೊತೆ ಕೆಲಸದವರು ಇ.ಎಸ್.ಐ. ಡಿಸ್ಪೆನ್ಸರಿಗೆ ಯಾರಾದರೂ ಜೊತೆಗೆ ಬನ್ನಿ ಅಂತ ಕರೆತಂದರು. ನೀರು ಯಾಕೆ ಕಮ್ಮಿ ಕುಡೀತೀರಿ ಅಂತ ಡಾಕ್ಟರ್ ಕೇಳಿದಾಗ ಅವರು ಸುಮ್ನೆ ಕೂತರು. ಹೊರಗೆ ಬಂದ ಮೇಲೆ ಹೇಳಿದರು: "ರಾತ್ರಿ ಎದ್ದು ಎಲ್ಲಿಗೆ ಹೋಗಲಿ ಅಕ್ಕ? ಸಂಜೆ ಆರಾದ ಮೇಲೆ ನೀರು ಮುಟ್ಟಲ್ಲ."

ನಮ್ಮ ಮೊದಲ ತಪ್ಪು

ನಾವು ಮಾಡಿದ ಮೊದಲ ಕೆಲಸ ರಾತ್ರಿ ವಸತಿ ಕೇಂದ್ರಗಳಿಗೆ ಫೋನ್ ಮಾಡಿದ್ದು. ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ತೆರೆದಿರುವ ವಸತಿ ಕೇಂದ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆಮೇಲೆ ನಗರ ಜೀವನೋಪಾಯ ಯೋಜನೆಯಲ್ಲಿ ಅದಕ್ಕೆ ದುಡ್ಡೂ ನಿಯಮವೂ ಬಂದವು. ಕೇಂದ್ರಗಳು ಇವೆ. ನಮಗೆ ಆ ವಾರ ಸಿಕ್ಕಿದ್ದು ಗಂಡಸರಿಗೆ ಒಂದು ಕಡೆ, ಹೆಂಗಸರು ಮಕ್ಕಳಿಗೆ ಊರಿನ ಇನ್ನೊಂದು ಮೂಲೆಯಲ್ಲಿ. ಮೂವರೂ ಒಟ್ಟಿಗೆ ಇರುವ ಜಾಗ ಸಿಗಲಿಲ್ಲ.

ಮಂಜಣ್ಣ ಕೇಳಿದ ಕೂಡಲೇ ಬೇಡ ಅಂದರು. "ಮೇಡಂ, ಮನೆ ಹೋಯ್ತು. ಇವರನ್ನೂ ಬಿಟ್ಟು ನಾನೊಬ್ಬನೇ ಎಲ್ಲೋ ಮಲಗಬೇಕಾ?" ವ್ಯಾನನ್ನು ರಾತ್ರಿ ಎಲ್ಲಿ ನಿಲ್ಲಿಸುವುದು ಅನ್ನುವ ಪ್ರಶ್ನೆಯೂ ಇತ್ತು. ಅದರ ಟೈರು, ಬ್ಯಾಟರಿ ಹೋದರೆ ಅನ್ನವೇ ಹೋದಂತೆ.

ನಾವು ಒತ್ತಾಯ ಮಾಡಿದೆವು. ಮಗಳ ಸುರಕ್ಷತೆ ಮುಖ್ಯ ಅಲ್ವಾ ಅಂತ ಮೂರು ಸಲ ಹೇಳಿದೆವು. ನಮ್ಮಲ್ಲೊಬ್ಬರು "ಮಗುವನ್ನು ಹೀಗೆ ಇಟ್ಟುಕೊಂಡರೆ ಮಕ್ಕಳ ಸಹಾಯವಾಣಿಯವರು ಕೇಳಬಹುದು" ಅಂದುಬಿಟ್ಟರು. ಅವರ ಮನಸ್ಸಿನಲ್ಲಿ ಬೆದರಿಕೆ ಇರಲಿಲ್ಲ. ಆದರೆ ಲಕ್ಷ್ಮಕ್ಕನ ಕಿವಿಗೆ ಅದು ಬೆದರಿಕೆಯೇ. ಮಗಳನ್ನು ಕಿತ್ತುಕೊಳ್ಳುತ್ತಾರೆ ಅಂತ ಅವರು ನಮ್ಮ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಹದಿಮೂರು ದಿನ ಅವರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಿರಲಿಲ್ಲ. ಸಹಾಯ ಮಾಡಲು ಹೋಗಿ, ಇದ್ದ ಒಂದು ಆಸರೆಯನ್ನೂ ನಾವೇ ಕಿತ್ತಂತಾಯಿತು. ಆ ಹದಿಮೂರು ದಿನ ನೆನೆದರೆ ನನಗೆ ಈಗಲೂ ಸಂಕಟ.

ಕೊನೆಗೆ ಅವರನ್ನು ಕರೆತಂದದ್ದು ಅದೇ ಜೊತೆ ಕೆಲಸದ ಹೆಣ್ಣುಮಗಳು. ಈ ಸಲ ನಾವು ವಸತಿ ಕೇಂದ್ರದ ಮಾತೇ ಎತ್ತಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಇವತ್ತು ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಿ?" ಈ ಪ್ರಕರಣ ಅಲ್ಲಿಂದ ತಿರುಗಿತು ಅಂತ ನನ್ನ ಅನಿಸಿಕೆ. ಮನೆ ಯಾವಾಗ ಸಿಗುತ್ತೋ, ಈ ರಾತ್ರಿಯಂತೂ ಆರೂವರೆಗೆ ಕತ್ತಲಾಗುತ್ತದೆ.

ಜಾಗ

ದಿನಕ್ಕೊಂದು ಕಡೆ ನಿಲ್ಲಿಸಿ, ಯಾರ ಕಣ್ಣಿಗೂ ಬೀಳಬೇಡಿ. ಇದು ನಾನೇ ಕೊಟ್ಟ ಸಲಹೆ. ಬೇರೆ ದೇಶದವರು ಕಾರಿನಲ್ಲಿ ಬದುಕುವ ಬಗ್ಗೆ ಬರೆದದ್ದನ್ನು ಓದಿ ಹೇಳಿದ್ದೆ. ಅದು ಇಲ್ಲಿ ನಡೆಯಲಿಲ್ಲ. ನಮ್ಮ ಬೀದಿಗಳಲ್ಲಿ ಹೊಸ ಗಾಡಿ ಬಂದರೆ ಹತ್ತು ನಿಮಿಷದಲ್ಲಿ ಎಲ್ಲರಿಗೂ ಗೊತ್ತು. ಅಡಗುವುದಕ್ಕೆ ಹೋದಷ್ಟೂ ಅನುಮಾನ ಜಾಸ್ತಿ.

ಲಕ್ಷ್ಮಕ್ಕ ಇದನ್ನು ನನಗಿಂತ ಮೊದಲು ಅರ್ಥ ಮಾಡಿಕೊಂಡಿದ್ದರು. "ಯಾರಿಗೂ ಗೊತ್ತಿಲ್ಲದ ಕಡೆ ಏನಾದ್ರೂ ಆದ್ರೆ ಯಾರು ಬರ್ತಾರೆ ಅಕ್ಕ?" ಅಂದರು. ಎಲ್ಲರಿಗೂ ಗೊತ್ತಾಗುವುದು ಬೇಡ, ಆದರೆ ನಾಲ್ಕು ಜನಕ್ಕೆ ಗೊತ್ತಿರಲೇಬೇಕು ಅನ್ನುವುದು ಅವರ ಲೆಕ್ಕ.

ಹೆದ್ದಾರಿಯ ಬಳಿ ರಾತ್ರಿಯಿಡೀ ತೆರೆದಿರುವ ಒಂದು ಬಂಕ್ ಇತ್ತು. ಮಂಜಣ್ಣ ಅಲ್ಲೇ ವರ್ಷಗಳಿಂದ ಪೆಟ್ರೋಲ್ ಹಾಕಿಸುತ್ತಿದ್ದವರು. ನಾವು ಮೂವರು ಜೊತೆಗೆ ಹೋಗಿ ಮ್ಯಾನೇಜರನ್ನು ಕೇಳಿದೆವು. ಇದ್ದದ್ದನ್ನು ಇದ್ದಂತೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ರಾತ್ರಿ ಹತ್ತಕ್ಕೆ ಬನ್ನಿ, ಬೆಳಿಗ್ಗೆ ಐದೂವರೆಗೆ ತೆಗೆಯಿರಿ, ಟೈರಿಗೆ ಗಾಳಿ ತುಂಬುವ ಮಷಿನ್ ಹಿಂದೆ ನಿಲ್ಲಿಸಿ, ಬೆಂಕಿ ಕಡ್ಡಿಯೂ ಗೀರಬಾರದು.

ಬೆಳಕು, ಕ್ಯಾಮೆರಾ, ರಾತ್ರಿ ಪಾಳಿಯ ಇಬ್ಬರು ಹುಡುಗರು, ಶೌಚಾಲಯ, ಕುಡಿಯುವ ನೀರು. ಬಂಕ್‌ಗಳಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಇವೆಲ್ಲ ಉಚಿತವಾಗಿ ಇರಬೇಕು ಅಂತ ತೈಲ ಕಂಪನಿಗಳ ನಿಯಮವೇ ಇದೆ. ಒಂದು ವಾರದಲ್ಲಿ ಲಕ್ಷ್ಮಕ್ಕ ರಾತ್ರಿ ನೀರು ಕುಡಿಯಲು ಶುರು ಮಾಡಿದರು.

ಪೊಲೀಸ್ ಠಾಣೆಗೂ ಹೋದೆವು. ಮಂಜಣ್ಣನಿಗೆ ಇಷ್ಟವಿರಲಿಲ್ಲ. ನಾವೇ ಹೋಗಿ ಹೇಳಿಕೊಂಡರೆ ಸಿಕ್ಕಿಹಾಕಿಕೊಳ್ಳುತ್ತೇವೆ ಅನ್ನುವ ಭಯ. ಒಂದು ಬಿಳಿ ಹಾಳೆಯಲ್ಲಿ ಗಾಡಿ ನಂಬರು, ಮೂವರ ಹೆಸರು, ನಿಲ್ಲಿಸುವ ಜಾಗ, ಹೊತ್ತು, ಇಬ್ಬರ ಫೋನ್ ನಂಬರು, ನಮ್ಮ ನಂಬರು ಬರೆದು ಕೊಟ್ಟೆವು. ಅಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಓದಿ, "ದಾರಿಗೆ ಅಡ್ಡ ಇಲ್ಲ ತಾನೇ? ಆಯ್ತು" ಅಂದರು. ಅದರ ಜೆರಾಕ್ಸ್ ಒಂದನ್ನು ಮಂಜಣ್ಣ ಸನ್‌ವೈಸರ್‌ಗೆ ಸಿಕ್ಕಿಸಿದರು. ಅದಾದ ಮೇಲೆ ಪೊಲೀಸರ ಗಸ್ತಿನ ಹೊಯ್ಸಳ ಗಾಡಿ ಎರಡು ಸಲ ಬಂದು ಕೇಳಿತು. ಎರಡು ಸಲವೂ ಹಾಳೆ ನೋಡಿ ಹೋಯಿತು. ಎಲ್ಲ ಠಾಣೆಯಲ್ಲೂ ಇದೇ ಆಗುತ್ತದೆ ಅಂತ ನಾನು ಹೇಳಲಾರೆ. ಪರಿಚಯದ ಇನ್ನೊಬ್ಬರ ಜೊತೆ ಹೋದದ್ದರಿಂದ ವ್ಯತ್ಯಾಸ ಆಯಿತು ಅಂತ ಮಾತ್ರ ಗೊತ್ತು.

ಗಾಡಿಯೊಳಗೂ ಕೆಲವು ಬದಲಾವಣೆ ಮಾಡಿದರು. ಗಾಡಿಯ ಮೂತಿ ಯಾವಾಗಲೂ ರಸ್ತೆಯ ಕಡೆಗೆ. ಡ್ರೈವರ್ ಸೀಟಿನ ಮೇಲೆ ಸಾಮಾನು ಇಡುವಂತಿಲ್ಲ. ಕೀ ಒಂದೇ ಜಾಗದಲ್ಲಿ, ಕತ್ತಲಲ್ಲಿ ಕೈ ಹಾಕಿದರೂ ಸಿಗಬೇಕು. ಆಧಾರ್, ರೇಷನ್ ಕಾರ್ಡು, ಇ.ಎಸ್.ಐ. ಕಾರ್ಡು, ಪುಟ್ಟಿಯ ಅಂಕಪಟ್ಟಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಜೆರಾಕ್ಸ್ ಪ್ರತಿ ಜೊತೆ ಕೆಲಸದವರ ಮನೆಯಲ್ಲಿ. ಪುಟ್ಟಿಗೆ 112 ಬಾಯಿಪಾಠ ಮಾಡಿಸಿದರು. ಯಾರಾದರೂ ಬಾಗಿಲು ಬಡಿದರೆ ಅವಳು ಬಾಗಿಲು ತೆಗೆಯುವ ಹಾಗಿಲ್ಲ, ಹಾರ್ನ್ ಒತ್ತಬೇಕು.

ಮಂಜಣ್ಣನ ಕಾಲು ಊದುತ್ತಿತ್ತು. ಕೂತೇ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಒಂದು ಪ್ಲೈವುಡ್ ಹಲಗೆ ತಂದರು. ಸೀಟಿನ ಮೇಲೆ ಅಡ್ಡ ಹಾಕಿದರೆ ಇಬ್ಬರು ಕಾಲು ಚಾಚಬಹುದು. ಬೆಳಿಗ್ಗೆ ಹಲಗೆಯನ್ನು ಬಂಕಿನಲ್ಲೇ ಗೋಡೆಗೆ ಒರಗಿಸಿ ಹೋಗುತ್ತಿದ್ದರು.

ಊಟಕ್ಕೆ ಇಂದಿರಾ ಕ್ಯಾಂಟೀನ್. ಬೆಳಿಗ್ಗೆ 5 ರೂಪಾಯಿ, ಮಧ್ಯಾಹ್ನ ರಾತ್ರಿ 10 ರೂಪಾಯಿ. ಗಾಡಿಯೊಳಗೆ ಸ್ಟೌ ಹಚ್ಚುವ ಮಾತೇ ಬರಲಿಲ್ಲ. ಮೂವರ ಒಂದು ದಿನದ ಊಟ 75 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಅಡ್ವಾನ್ಸಿಗೆ ದುಡ್ಡು ಕೂಡಿದ್ದರಲ್ಲಿ ಇದರ ಪಾಲು ದೊಡ್ಡದು.

ಮಳೆ ಬಂದ ರಾತ್ರಿ

ಏಪ್ರಿಲ್ ಎರಡನೇ ವಾರ ಶಾಲೆಗೆ ಬೇಸಿಗೆ ರಜೆ ಬಂತು. ಸ್ಕೂಲ್ ವ್ಯಾನಿನವರಿಗೆ ಏಪ್ರಿಲ್, ಮೇ ಅಂದರೆ ಬರಗಾಲ. ಓಡಿಸಿದರೆ ತಾನೇ ದುಡ್ಡು. ಮಂಜಣ್ಣ ಮದುವೆ ಟ್ರಿಪ್ಪು, ದೇವಸ್ಥಾನದ ಟ್ರಿಪ್ಪು ಹುಡುಕಿಕೊಂಡು ಅಲೆಯುತ್ತಿದ್ದರು. ಪುಟ್ಟಿಗೆ ಹಗಲು ಹೊತ್ತು ಇರಲು ಜಾಗವಿಲ್ಲ. ಟ್ರಿಪ್ ಇಲ್ಲದಾಗ ಅಪ್ಪನ ಜೊತೆ ಗಾಡಿಯಲ್ಲೇ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಶಾಖ ಏರುತ್ತದೆ. ಕಿಟಕಿ ಒಂದಿಂಚು ತೆಗೆದಿಟ್ಟರೂ ಅಷ್ಟೇನೂ ಕಮ್ಮಿಯಾಗುವುದಿಲ್ಲ. "ಎರಡು ನಿಮಿಷ ಇರು, ಬಂದೆ" ಅಂತ ಅವಳನ್ನು ಒಳಗೆ ಬಿಟ್ಟು ಹೋಗಬೇಡಿ ಅಂತ ನಾವು ಪದೇಪದೇ ಹೇಳಿದ್ದೆವು. ಅದನ್ನು ಅವರು ತಪ್ಪದೆ ಪಾಲಿಸಿದರು. ನಮ್ಮ ಗಮನ ಬಿಸಿಲಿನ ಮೇಲಿತ್ತು. ಅಪಾಯ ಬಂದದ್ದು ಮಳೆಯಲ್ಲಿ.

ಅವತ್ತು ಬಂಕಿಗೆ ಟ್ಯಾಂಕರ್ ಬರುವುದಿತ್ತು, ಜಾಗ ಇರಲಿಲ್ಲ. ಹತ್ತಿರದ ಒಂದು ಗೋಡೌನಿನ ಮುಂದೆ, ಹಿಂಭಾಗವನ್ನು ಕಾಂಪೌಂಡ್ ಗೋಡೆಗೆ ಹತ್ತಿಸಿ ನಿಲ್ಲಿಸಿದರು. ಹನ್ನೊಂದಕ್ಕೆ ಜೋರು ಮಳೆ. ಮೊದಲು ಮಂಜಣ್ಣ ರೈಲ್ವೆ ಅಂಡರ್‌ಪಾಸ್ ಕೆಳಗೆ ಹೋಗೋಣ ಅಂದರು. ಲಕ್ಷ್ಮಕ್ಕ ಒಪ್ಪಲಿಲ್ಲ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಕ್ಕಿ ಒಬ್ಬ ಯುವತಿ ಸತ್ತದ್ದು ಅವರಿಗೆ ನೆನಪಿತ್ತು. ಅದು ಒಳ್ಳೆಯ ತೀರ್ಮಾನ.

ಆದರೆ ಕಿಟಕಿ ಮುಚ್ಚಬೇಕಾಯಿತು. ಒಳಗೆ ಉಸಿರು ಕಟ್ಟುವ ಸೆಕೆ. ಸ್ವಲ್ಪ ಹೊತ್ತು ಎ.ಸಿ. ಹಾಕೋಣ ಅಂತ ಮಂಜಣ್ಣ ಎಂಜಿನ್ ಸ್ಟಾರ್ಟ್ ಮಾಡಿದರು. ಮಾಡಿದವರು ನಿದ್ದೆ ಹೋದರು.

ಒಂದೂವರೆಗೆ ಪುಟ್ಟಿ ವಾಂತಿ ಮಾಡಿಕೊಂಡಳು. ಲಕ್ಷ್ಮಕ್ಕನಿಗೆ ಎಚ್ಚರವಾಯಿತು. ತಲೆ ಸಿಡಿಯುತ್ತಿತ್ತು. ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಮಗಳು ಗಾಡಿ ಗಲೀಜು ಮಾಡಿದಳು, ಬೆಳಿಗ್ಗೆ ವಾಸನೆ ಬರುತ್ತದೆ ಅನ್ನುವುದೇ ಅವರ ಮೊದಲ ಯೋಚನೆ. ಅದಕ್ಕೇ ಸ್ಲೈಡಿಂಗ್ ಬಾಗಿಲು ಪೂರ್ತಿ ತೆಗೆದು ಮಗಳನ್ನು ಮಳೆಗೇ ಇಳಿಸಿದರು. ಅಷ್ಟರಿಂದ ಮೂವರೂ ಉಳಿದರು. ಮಂಜಣ್ಣನನ್ನು ಅಲುಗಿಸಿ ಎಬ್ಬಿಸಲು ಬಹಳ ಹೊತ್ತು ಹಿಡಿಯಿತಂತೆ.

ರಾತ್ರಿ ತಿಂದ ಅನ್ನ ಕೆಟ್ಟಿರಬೇಕು ಅಂದುಕೊಂಡರು. ಬೆಳಿಗ್ಗೆ ಐದೂವರೆಗೆ ನನಗೆ ಫೋನ್ ಬಂತು. ಜ್ವರ ಇದೆಯಾ ಅಂದೆ, ಇಲ್ಲ. ಮೂವರಿಗೂ ಒಂದೇ ಹೊತ್ತಿಗೆ ತಲೆನೋವು. ಹೊರಗೆ ಬಂದ ಮೇಲೆ ಕಮ್ಮಿ. "ಎಂಜಿನ್ ಆನ್ ಇತ್ತಾ?" ಅಂತ ಕೇಳಿದಾಗ ಆ ಕಡೆ ಮಾತೇ ಇಲ್ಲ.

ಇ.ಎಸ್.ಐ. ಆಸ್ಪತ್ರೆಗೆ ಹೋದಾಗ ಎಂಟು ಗಂಟೆ. ಡಾಕ್ಟರ್ ಎಲ್ಲ ಕೇಳಿ ಹೇಳಿದರು: ಇದು ಕಾರ್ಬನ್ ಮಾನಾಕ್ಸೈಡ್ ಇದ್ದ ಹಾಗಿದೆ. ಶುದ್ಧ ಗಾಳಿಯಲ್ಲಿದ್ದರೆ ನಾಲ್ಕೈದು ಗಂಟೆಗೆ ಅದು ರಕ್ತದಲ್ಲಿ ಅರ್ಧಕ್ಕೆ ಇಳಿದುಬಿಡುತ್ತದೆ, ಅದರಿಂದ ಈಗ ಪರೀಕ್ಷೆಯಲ್ಲಿ ಎಷ್ಟು ಕಾಣುತ್ತದೋ ಅದಕ್ಕಿಂತ ರಾತ್ರಿ ಜಾಸ್ತಿ ಇದ್ದಿರಬೇಕು. ಮೂವರಿಗೂ ಆಕ್ಸಿಜನ್ ಕೊಟ್ಟರು. ಸಂಜೆವರೆಗೆ ಇಟ್ಟುಕೊಂಡು ಕಳಿಸಿದರು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕವನ್ನು ಹೊರಬೇಕಾದ ರಕ್ತದ ಕಣಗಳಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಚ್ಚರ ಇದ್ದವರಿಗೆ ತಲೆನೋವು, ವಾಕರಿಕೆ ಅಂತ ಸೂಚನೆ ಸಿಗುತ್ತದೆ. ಮಲಗಿದವರಿಗೆ ಅದೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಹೀಗೇ ಸತ್ತರು. ಅಲ್ಲಿ ಜನರೇಟರಿನ ಹೊಗೆ ಒಳಗೆ ಬಂದಿತ್ತು.

ಮಾರನೇ ದಿನ ಮೆಕ್ಯಾನಿಕ್ ಗಾಡಿ ಎತ್ತಿ ನೋಡಿದರು. ಸೈಲೆನ್ಸರ್ ಪೈಪಿನ ಒಂದು ಜಾಯಿಂಟಿನಲ್ಲಿ ಗ್ಯಾಸ್ಕೆಟ್ ಸುಟ್ಟು ಹೋಗಿತ್ತು. ಹೊಗೆ ನೆಲದ ಕೆಳಗೇ ಸೋರುತ್ತಿತ್ತು. ಹಿಂದೆ ಗೋಡೆ ಇದ್ದದ್ದರಿಂದ ಹೊರಗೆ ಬಂದದ್ದೂ ಚದುರದೆ ಅಲ್ಲೇ ನಿಂತಿತ್ತು. ಮಂಜಣ್ಣ ಆ ಪೈಪನ್ನೇ ನೋಡುತ್ತಾ ಕೂತರು. "ಇದೇ ಗಾಡಿಯಲ್ಲಿ ಹದಿನಾರು ಮಕ್ಕಳನ್ನು ಕರೆದುಕೊಂಡು ಹೋಗ್ತಿದ್ದೆ ಮೇಡಂ" ಅಂದರು. ಗ್ಯಾಸ್ಕೆಟ್ಟಿಗೆ, ಕೂಲಿಗೆ ಸೇರಿ ಆದ ಖರ್ಚು ಒಂದು ಸಾವಿರವೂ ಇಲ್ಲ.

ಬಾಗಿಲು, ಬೀಗ, ಪೊಲೀಸು, ಕಳ್ಳರು ಅಂತ ನಾವು ಹೊರಗಿನದ್ದನ್ನೇ ಯೋಚಿಸಿದ್ದೆವು. ಗಾಡಿಯಲ್ಲಿ ಮಲಗುವವರಿಗೆ ಗಾಡಿಯೇ ಅಪಾಯ ಆಗಬಹುದು ಅನ್ನುವುದು ತಲೆಗೆ ಬಂದಿರಲಿಲ್ಲ. ಈಗ ಯಾರೇ ಹೀಗೆ ಮಲಗುತ್ತಿದ್ದಾರೆ ಅಂತ ತಿಳಿದರೂ ನಾವು ಮೊದಲು ಹೇಳುವುದು ಇದು: ಮಲಗುವಾಗ ಎಂಜಿನ್ ಬೇಡ, ಎಷ್ಟೇ ಸೆಕೆ ಇರಲಿ, ಚಳಿ ಇರಲಿ. ಒಳಗೆ ಸ್ಟೌ, ಇದ್ದಿಲು, ಸೊಳ್ಳೆ ಬತ್ತಿ ಬೇಡ. ಎದುರುಬದುರಿನ ಎರಡು ಕಿಟಕಿ ಎರಡೆರಡು ಬೆರಳು ತೆರೆದಿರಲಿ, ಆದರೆ ಅದು ಎಂಜಿನ್ ಆನ್ ಇಡಲು ಪರವಾನಗಿ ಅಲ್ಲ. ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ. ಎಲ್ಲರನ್ನೂ ಗಾಡಿಯಿಂದ ಇಳಿಸಿ, 108ಕ್ಕೆ ಫೋನ್ ಮಾಡಿ, ಮತ್ತೆ ಒಳಗೆ ಹೋಗಬೇಡಿ.

ಸೊಳ್ಳೆಗೆ ಲಕ್ಷ್ಮಕ್ಕನೇ ದಾರಿ ಹುಡುಕಿದರು. ಸೊಳ್ಳೆ ಪರದೆಯ ಬಟ್ಟೆ ತಂದು, ದಿಂಬಿನ ಕವರಿನ ಹಾಗೆ ಹೊಲಿದರು. ಮುಂದಿನ ಬಾಗಿಲು ತೆರೆದು ಮೇಲಿನಿಂದ ಹಾಕಿ ಎಳೆದರೆ ಕಿಟಕಿ ಪೂರ್ತಿ ಮುಚ್ಚುತ್ತದೆ, ಗಾಜು ಇಳಿಸಿಕೊಳ್ಳಬಹುದು. ಬಟ್ಟೆಗೆ 140 ರೂಪಾಯಿ ಆಯಿತಂತೆ. ಅದನ್ನು ನೋಡಿ ಬಂಕಿಗೆ ಬರುತ್ತಿದ್ದ ಇಬ್ಬರು ಕ್ಯಾಬ್ ಡ್ರೈವರುಗಳು ತಮಗೂ ಹೊಲಿಸಿಕೊಂಡರು.

ಎರಡು ತೀರ್ಮಾನ

ಆಸ್ಪತ್ರೆಯಿಂದ ಬಂದ ಮೂರನೇ ದಿನ ಲಕ್ಷ್ಮಕ್ಕ ಪುಟ್ಟಿಯನ್ನು ಊರಿಗೆ ಕರೆದುಕೊಂಡು ಹೋಗಿ ಅಜ್ಜಿಯ ಹತ್ತಿರ ಬಿಟ್ಟರು. ಶಕ್ತಿ ಯೋಜನೆಯಿಂದ ಬಸ್ ಚಾರ್ಜಿನ ಚಿಂತೆ ಇರಲಿಲ್ಲ. ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಮಗಳನ್ನು ಬಿಟ್ಟಿರಲಾರೆವು ಅಂತ ನಮ್ಮ ಮೇಲೆ ಮುನಿಸಿಕೊಂಡಿದ್ದವರು ಇವರೇ. ಆದರೆ ಇದು ಬೇರೆ. ರಜೆಗೆ ಅಜ್ಜಿ ಮನೆಗೆ ಹೋಗುವುದು ಎಲ್ಲ ಮಕ್ಕಳೂ ಮಾಡುವುದೇ. ಪುಟ್ಟಿ ಗೆಳತಿಯರಿಗೆ ಹಾಗೇ ಹೇಳಿ ಹೋದಳು, ಅದು ಸುಳ್ಳೂ ಅಲ್ಲ. ನಾವು ಹೇಳಿದ್ದಕ್ಕೂ ಅವರು ಆರಿಸಿಕೊಂಡದ್ದಕ್ಕೂ ಇರುವ ಈ ಅಂತರ ನನಗೆ ಆಮೇಲೆ ಅರ್ಥವಾಯಿತು. ಮೊದಲೇ "ನಿಮ್ಮವರು ಯಾರಿದ್ದಾರೆ?" ಅಂತ ಕೇಳಿದ್ದರೆ ಒಂದು ತಿಂಗಳು ಮುಂಚೆಯೇ ಈ ದಾರಿ ಕಾಣುತ್ತಿತ್ತೇನೋ.

ಎರಡನೆಯದು ವ್ಯಾನ್ ಮಾರುವ ವಿಚಾರ. ಮಾರಿದರೆ ಸಾಲ ತೀರಿ 80–90 ಸಾವಿರ ಉಳಿಯುತ್ತಿತ್ತು. ಅಡ್ವಾನ್ಸಿಗೆ ಸರಿಯಾಗುತ್ತಿತ್ತು. ಹೆದರಿಹೋಗಿದ್ದ ಮಂಜಣ್ಣ ಮಾರಿಬಿಡೋಣ ಅಂದರು. ನಮ್ಮ ಗುಂಪಿನಲ್ಲೂ ಇಬ್ಬರು ಅದೇ ಸರಿ ಅಂದರು. ಲಕ್ಷ್ಮಕ್ಕ ಒಂದು ರಾತ್ರಿ ಲೆಕ್ಕ ಹಾಕಿದರು. ಮನೆ ಬರುತ್ತದೆ, ಆದರೆ ಜೂನ್‌ನಿಂದ ಬಾಡಿಗೆ ಕಟ್ಟಲು ನನ್ನ ಒಂದು ಸಂಬಳ ಸಾಲದು, ಮೂರು ತಿಂಗಳಿಗೆ ಮತ್ತೆ ಬೀದಿಗೆ ಬರುತ್ತೇವೆ, ಆಗ ಮಲಗಲು ಗಾಡಿಯೂ ಇರಲ್ಲ. ಮಾರಲಿಲ್ಲ. ಅವರ ಲೆಕ್ಕದಲ್ಲಿ ಒಂದು ತಪ್ಪೂ ನನಗೆ ಕಾಣಲಿಲ್ಲ.

ದುಡ್ಡು ಬಂದದ್ದು ಮೂರು ಕಡೆಯಿಂದ. ಲಕ್ಷ್ಮಕ್ಕ ಕಾರ್ಖಾನೆಯ ಹೆಂಗಸರ ಚೀಟಿಯನ್ನು ಕೂಗಿ ಎತ್ತಿದರು, 31,000. ಮದುವೆ ಟ್ರಿಪ್ಪುಗಳಿಂದ 14,000 ಉಳಿಯಿತು. ಹಳೆ ಮಾಲೀಕರ ಬಳಿ ನಾವು ಬರೆದ ಲೆಕ್ಕದ ಹಾಳೆ ಹಿಡಿದು ನಾಲ್ಕು ಸಲ ಹೋದ ಮೇಲೆ ಬಾಕಿ 20,000ದಲ್ಲಿ 15,000 ಬಂತು. ಜೊತೆ ಕೆಲಸದವರೊಬ್ಬರು ಊರಾಚೆಯ ಬಡಾವಣೆಯಲ್ಲಿ ಒಂದು ಮನೆ ತೋರಿಸಿದರು. ಬಾಡಿಗೆ 7,000, ಅಡ್ವಾನ್ಸ್ 50,000. ಮಾಲೀಕರು ಒಬ್ಬ ವಯಸ್ಸಾದ ಹೆಂಗಸು. ಅರ್ಧ ಈಗ, ಅರ್ಧ ದಸರೆ ಒಳಗೆ ಅಂದಾಗ ಒಪ್ಪಿದರು. ಕೊಟ್ಟ ಪ್ರತಿ ಕಂತಿಗೂ ರಸೀದಿ ಬರೆಸಿಕೊಂಡೆವು. ಉಳಿದ ದುಡ್ಡಿನಲ್ಲಿ ವ್ಯಾನಿನ ಬಾಕಿ ಕಂತು ಕಟ್ಟಿದರು. ಮೇ ಮಧ್ಯದಲ್ಲಿ ಟ್ರಂಕು ನೆಂಟರ ಮೆಟ್ಟಿಲ ಕೆಳಗಿನಿಂದ ಹೊರಟಿತು.

ಈಗ

2011ರ ಜನಗಣತಿ ವಸತಿಹೀನರು ಯಾರು ಅಂತ ಹೇಳುವಾಗ ರಸ್ತೆ ಬದಿ, ಫುಟ್‌ಪಾತ್, ಹ್ಯೂಮ್ ಪೈಪು, ಫ್ಲೈಓವರ್ ಕೆಳಗೆ, ಮೆಟ್ಟಿಲ ಕೆಳಗೆ, ರೈಲ್ವೆ ಪ್ಲಾಟ್‌ಫಾರ್ಮ್ ಅಂತ ಪಟ್ಟಿ ಮಾಡಿತ್ತು. ಆ ವರ್ಷ ದೇಶದಲ್ಲಿ ಸುಮಾರು 17.7 ಲಕ್ಷ ಜನ ಹಾಗೆ ಲೆಕ್ಕಕ್ಕೆ ಸಿಕ್ಕಿದರು. ಗಾಡಿ ಅನ್ನುವ ಮಾತು ಆ ಪಟ್ಟಿಯಲ್ಲಿಲ್ಲ, ಇತ್ಯಾದಿಯಲ್ಲಿ ಸೇರಬೇಕು. ಬಂಕಿನಲ್ಲಿ ರಾತ್ರಿ ನಿಂತ ಕ್ಯಾಬು, ಆಟೋ, ಟೆಂಪೋಗಳನ್ನು ನೋಡಿದವರಿಗೆ ಅವರಲ್ಲಿ ಎಷ್ಟು ಜನ ಪಾಳಿ ಮುಗಿಸಿ ಮಲಗಿದ್ದಾರೆ, ಎಷ್ಟು ಜನಕ್ಕೆ ಹೋಗಲು ಮನೆಯೇ ಇಲ್ಲ ಅಂತ ಹೇಳಲು ಬರುವುದಿಲ್ಲ. ಲಕ್ಷ್ಮಕ್ಕನನ್ನು ನಾವು ಕಂಡದ್ದೂ ಉರಿಮೂತ್ರದಿಂದ. ಹಾಗಾಗಿ ಈಗ ಡಿಸ್ಪೆನ್ಸರಿಗೆ ಬರುವ ಹೆಣ್ಣುಮಕ್ಕಳನ್ನು "ನೀರು ಯಾಕೆ ಕುಡೀತಿಲ್ಲ?" ಅಂತ ಕೇಳಿ ಬಿಡುವುದಿಲ್ಲ. "ರಾತ್ರಿ ಎಲ್ಲಿ ಮಲಗ್ತೀರಿ?" ಅಂತಲೂ ಕೇಳುತ್ತೇವೆ. ಒಬ್ಬರನ್ನೇ ಪಕ್ಕಕ್ಕೆ ಕರೆದು, ಮೆಲ್ಲಗೆ.

ಪುಟ್ಟಿ ಜೂನ್‌ನಲ್ಲಿ ಹೊಸ ಬಡಾವಣೆಯ ಸರ್ಕಾರಿ ಶಾಲೆಗೆ ಸೇರಿದಳು. ಟಿ.ಸಿ. ಬರುವುದು ತಡವಾಯಿತು. ಅದಕ್ಕಾಗಿ ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಹೆಡ್‌ಮೇಷ್ಟ್ರಿಗೂ ಅದು ಗೊತ್ತಿತ್ತು, ಸೇರಿಸಿಕೊಂಡರು. ಮಂಜಣ್ಣ ವರ್ಷಕ್ಕೆರಡು ಸಲ ಸೈಲೆನ್ಸರ್ ಪೈಪು ನೋಡಿಸುತ್ತಾರೆ. ಅಡ್ವಾನ್ಸಿನ ಎರಡನೇ ಅರ್ಧದಲ್ಲಿ ಇನ್ನೂ ಎಂಟು ಸಾವಿರ ಬಾಕಿ ಇದೆ. ಹಳೆ ಮಾಲೀಕರಿಂದ ಐದು ಸಾವಿರ ಬರಲೇ ಇಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಚಹಾ ಕುಡಿಯುವಾಗ ಮಳೆ ಶುರುವಾಯಿತು. ಪುಟ್ಟಿ ಓದುತ್ತಿದ್ದ ಪುಸ್ತಕ ಬಿಟ್ಟು ಎದ್ದು ಹೋಗಿ, ರೂಮಿನ ಕಿಟಕಿ ತೆಗೆದಳು. ಎರಚಲು ಹಾಸಿಗೆಯ ತುದಿಗೆ ಬೀಳುತ್ತಿತ್ತು. ಲಕ್ಷ್ಮಕ್ಕ ಏನೂ ಅನ್ನಲಿಲ್ಲ. ಹಾಸಿಗೆಯನ್ನು ಸ್ವಲ್ಪ ಈಚೆಗೆ ಎಳೆದರು.